ಥರ್ಮಾಮೀಟರು ತೂಗುಹಾಕಿದ ಜಾಗ

ಮನೆಯಿಂದ
ನವೆಂಬರ್ ೯, ಭಾನುವಾರ

ಪ್ರೀತಿಯ ತಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಗೋದಾಮಿನಲ್ಲಿ ಮೂಟೆ ಎತ್ತುತ್ತೀಯಂತೆ, ನಿನ್ನ ಹೆಂಡತಿ ಅಮ್ಮನಿಗೆ ಫೋನಿನಲ್ಲಿ ಹೇಳಿದಳು. ಎತ್ತುವಾಗ ಮೊಣಕಾಲು ಬಗ್ಗಿಸು, ಸೊಂಟವನ್ನಲ್ಲ. ಉಪದೇಶ ಅಣ್ಣಂದಿರ ಚಟ, ಬೈದುಕೊಂಡಾದರೂ ಓದು. ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಈಗ ಮೂಲೆಮೂಲೆಯ ಜೇಡರಬಲೆಯೂ ಕಾಣಿಸಿ, ನಿನ್ನ ಅತ್ತಿಗೆಗೆ ದಿನಾ ಪರೀಕ್ಷೆ.

ನೀನು ನನ್ನೊಡನೆ ಮಾತು ಬಿಟ್ಟು ಎರಡು ವರ್ಷವಾಯಿತು. ಮಿತಿಗಿಂತ ಹೆಚ್ಚು ಕರೆಂಟು ಎಳೆಯುವ ಫ್ರಿಜ್ ಮಾರುವಂತಿಲ್ಲ ಎಂಬ ಕಾನೂನು ಬಂದಾಗ, ನಿನ್ನ ಕಾರ್ಖಾನೆಯ ಫ್ರಿಜ್ ಪರೀಕ್ಷೆಗೆ ಬಂದದ್ದು ನಮ್ಮ ಲ್ಯಾಬಿಗೇ. ತಮ್ಮನದು ಎಂದು ಮೇಲಿನವರಿಗೆ ಹೇಳಿದೆ. "ನಿನ್ನ ಮೇಲೆ ನಂಬಿಕೆಯಿದೆ, ನೀನೇ ಮಾಡು" ಎಂದರು. ಉಬ್ಬಿಹೋದೆ. ಉಪಕರಣ ಜೋಡಿಸುವುದು ಯಾವಾಗಲೂ ಸಹಾಯಕಿಯ ಕೆಲಸ, ನಾನು ಅಂಕಿ ನೋಡಿ ಸಹಿ ಹಾಕುವವನು. ನನ್ನ ಮುಖ ನೋಡಿ ಎಲ್ಲಿ ಸಡಿಲ ಬಿಟ್ಟಾಳೋ ಎಂದು ಆವತ್ತು ಅವಳನ್ನು ಹೊರಗೆ ಕಳಿಸಿ ಎಲ್ಲ ನಾನೇ ಜೋಡಿಸಿದೆ. ಮಿತಿಗಿಂತ ಒಂದು ಚೂರು ಹೆಚ್ಚು ಬಂತು. "ನಮ್ಮಲ್ಲಿ ಅಳೆದಾಗ ಸರಿಯಿತ್ತು, ಇನ್ನೊಂದ್ಸಲ ನೋಡಣ್ಣ" ಎಂದೆ ನೀನು. "ನಿಯಮ ಅಂದ್ರೆ ನಿಯಮ ಕಣೋ" ಎಂದೆ ನಾನು. ಕಾರ್ಖಾನೆ ಮುಚ್ಚಿತು, ನಿನ್ನ ನಲವತ್ತು ಜನ ಕೆಲಸಗಾರರು ಮನೆಗೆ ಹೋದರು, ಅಚ್ಚುಗಳು ಗುಜರಿಗೆ ಹೋದವು, ನೀನು ಊರು ಬಿಟ್ಟೆ. ಕಚೇರಿಯಲ್ಲಿ ನನ್ನನ್ನು ಹಾಡಿ ಹೊಗಳಿದರು. ಹಿಡಿಸಿತು ಕೂಡ, ಸುಳ್ಳೇಕೆ ಹೇಳಲಿ.

ಕಾನೂನು ಕೆಟ್ಟದ್ದೆಂದು ಈಗಲೂ ಹೇಳಲಾರೆ. ಕರೆಂಟು ನುಂಗುವ ಪೆಟ್ಟಿಗೆಗಳು ಮನೆ ಸೇರಬಾರದು, ಅದು ನ್ಯಾಯವೇ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಮಕ್ಕಳಿಗೆ ದೊಡ್ಡಪ್ಪನ ಮುತ್ತು.

ನಿನ್ನ ಅಣ್ಣ

ಮರೆತದ್ದಲ್ಲ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ: ಹೋದ ವಾರ ಹಳೆಯ ಪರೀಕ್ಷೆಗಳ ಫೋಟೋ ಜೋಡಿಸುವಾಗ ನಿನ್ನ ಫ್ರಿಜ್ಜಿನದು ಸಿಕ್ಕಿತು. ಪರೀಕ್ಷೆಯ ಕೋಣೆ ಮೂವತ್ತೆರಡು ಡಿಗ್ರಿಯಲ್ಲಿರಬೇಕು. ನಾನು ಥರ್ಮಾಮೀಟರನ್ನು ತಣ್ಣನೆಯ ಗಾಳಿ ಬರುವ ಕಿಂಡಿಯ ಎದುರಿಗೇ ತೂಗುಹಾಕಿದ್ದೆ. ಅದು ಮೂವತ್ತೆರಡು ತೋರಿಸುತ್ತಿದ್ದಾಗ ಕೋಣೆ ಅದಕ್ಕಿಂತ ಎಷ್ಟೋ ಬಿಸಿಯಿತ್ತು, ಫ್ರಿಜ್ ಪಾಪ ಏದುಸಿರು ಬಿಡುತ್ತ ಹೆಚ್ಚು ಕರೆಂಟು ಎಳೆಯುತ್ತಿತ್ತು. ಉಗ್ರಾಣದಲ್ಲಿದ್ದ ಅದನ್ನೇ ತೆಗೆಸಿ ಮತ್ತೆ ಅಳೆದೆ. ಪಾಸಾಯಿತು ತಮ್ಮಾ. ನಾಳೆ ಕಚೇರಿಗೆ ಬರೆದುಕೊಡುತ್ತೇನೆ, ಕೆಲಸ ಹೋದರೆ ಹೋಗಲಿ. ಅಮ್ಮನಿಗೆ ಇನ್ನೂ ಹೇಳಿಲ್ಲ. "ಚಿಕ್ಕೋನ ಮಾಲೇ ಸರಿ ಇರ್ಲಿಲ್ಲ, ದೊಡ್ಡೋನು ಏನ್ ಮಾಡ್ತಾನೆ" ಎಂದು ಬಂದವರಿಗೆಲ್ಲ ಈಗಲೂ ಹೇಳುತ್ತಿದ್ದಾಳೆ.