ಒಂದನೇ ನಂಬರಿನ ಮನೆಯವರು

ಕ್ರಿ.ಶ. ೨೧೭೩, ಫೆಬ್ರವರಿ ೩೦

ನಂದಿಕೋಡಿ ಪುರಸಭೆಯ ಕಂಪ್ಯೂಟರ್ ವಿಭಾಗದ ಶ್ರೀಮತಿ ಸರ್ವಮಂಗಳಾ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ಇರಲಿಲ್ಲವೆಂದು ಕೇಳಿದ್ದೇನೆ. ತಂತ್ರಾಂಶಕ್ಕೆ ಸುಲಭವಾಗಲೆಂದು ಆಮೇಲೆ ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ತಂದರು. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಿಮ್ಮನ್ನು ನಂಬಿ ಬರೆಯುತ್ತಿಲ್ಲ, ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಿಮ್ಮ ಲೆಕ್ಕದ ನಾಳೆ ಮಧ್ಯಾಹ್ನ ನೀವು ಎಲ್ಲ ವಾರ್ಡುಗಳ ಹಳೆಯ ದಾಖಲೆ ಪುಸ್ತಕಗಳನ್ನು ಹೊಸ ಏಕರೂಪ ತಂತ್ರಾಂಶಕ್ಕೆ ತುಂಬಿಸಲು ಕೂರುತ್ತೀರಿ. ಸುಣ್ಣದಗೂಡಿನ ಓಣಿಯ ಸರದಿ ಬಂದಾಗ ಪರದೆಯಲ್ಲಿ ಮನೆ ನಂಬರಿನ ಜಾಗ ಕೆಂಪಾಗುತ್ತದೆ, ಏಕೆಂದರೆ ಆ ಓಣಿಗೆ ಯಾರೂ ನಂಬರು ಕೊಟ್ಟಿಲ್ಲ. ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ. ಆಗ ನೀವು ನಿಮ್ಮ ಕಚೇರಿಯದೇ ವಿಳಾಸ ಹಾಕುತ್ತೀರಿ: ಒಂದನೇ ನಂಬರು, ಪುರಸಭೆ ಕಟ್ಟಡ. ನಲವತ್ತೊಂದು ಮನೆಗೂ ಅದೇ. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿರಬಹುದು. ಅಥವಾ ಯಾರಾದರೂ ಹಿಂದೆ ನಿಂತು ಹಾಗೇ ಹಾಕಿ ಎಂದರೋ? ನಂಬರಿಲ್ಲದ ಬೇರೆ ಓಣಿಗಳಿಗೆ ಪಕ್ಕದ ಬೀದಿಯ ನಂಬರು ಕೊಟ್ಟಿದ್ದೀರಿ. ನಮಗೆ ಮಾತ್ರ ಕಚೇರಿ. ದಾಖಲೆಯಲ್ಲಿ ನಿಮ್ಮ ಹೆಸರಿದೆ, ಗಳಿಗೆಯೂ ಇದೆ. ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂಬುದು ಇಲ್ಲ.

ಈಗ ಊರನ್ನು ನಡೆಸುವುದು ತಾಳೆಗಾರ. ಅದು ಮನುಷ್ಯನಲ್ಲ, ಒಂದು ದಾಖಲೆಯನ್ನು ಇನ್ನೊಂದಕ್ಕೆ ಹಿಡಿದು ನೋಡುತ್ತಲೇ ಇರುವ ಏರ್ಪಾಡು. ತಾಳೆಯಾಗದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ನೀವು ಹಾಕಿದ ವಿಳಾಸ ತಲೆಮಾರಿನಿಂದ ತಲೆಮಾರಿಗೆ ಇಳಿದು ನಮ್ಮವರೆಗೂ ಬಂದಿದೆ. ಓಣಿಯ ನಲ್ಲಿ ನಮ್ಮ ಬೆರಳಚ್ಚಿಗೆ ತೆರೆಯುವುದಿಲ್ಲ; ಕಚೇರಿಯ ಹಿಂದಿನ ನಲ್ಲಿಯಿಂದ ಕೊಡ ಹೊತ್ತು ತರುತ್ತೇವೆ. ಶಾಲೆಯ ಗಾಡಿ ನಮ್ಮ ಮಕ್ಕಳನ್ನು ಹತ್ತಿಸಿಕೊಳ್ಳುವುದೂ ಕಚೇರಿಯ ಮೆಟ್ಟಿಲ ಬಳಿಯೇ. ಯಾರಾದರೂ ತೀರಿಕೊಂಡರೆ ಹೆಣವನ್ನು ಮೊದಲು ಆ ಮೆಟ್ಟಿಲಿಗೆ ತಂದಿಳಿಸಬೇಕು, ಇಲ್ಲದಿದ್ದರೆ ಸಾವು ದಾಖಲಾಗುವುದಿಲ್ಲ. ಈಗ ಅದೊಂದು ಶಾಸ್ತ್ರವೇ ಆಗಿಹೋಗಿದೆ. ನಮ್ಮವರೇ ಅಲ್ಲಿ ಹೂವಿಟ್ಟು ಕೈಮುಗಿಯುತ್ತಾರೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಬರುವ ಸೋಮವಾರ ಓಣಿಯನ್ನು ನೆಲಸಮ ಮಾಡುತ್ತಾರೆ. ತಾಳೆಗಾರನ ಪ್ರಕಾರ ಅದು ಖಾಲಿ ಜಾಗ. ಹಾಸಿಗೆ ಹಿಡಿದಿರುವ ನನ್ನ ತಾಯಿಯನ್ನು ಕಣ್ಣಾರೆ ನೋಡಿದ ಅಧಿಕಾರಿಯೇ, "ಏನ್ಮಾಡಾನಮ್ಮ, ಇಲ್ಲಿ ಯಾರೂ ಇಲ್ಲ ಅಂತ ತೋರಿಸ್ತೈತೆ" ಎಂದು ಹೊರಟ. "ಹಂಗಾರೆ ನಾನ್ ದೆವ್ವ ಏನ್ಲಾ?" ಎಂದು ಅಮ್ಮ ಮಂಚದಿಂದಲೇ ಕೂಗಿದಳು. ಅವನು ತಿರುಗಿ ನೋಡಲಿಲ್ಲ. ಸೋಮವಾರ ಅವಳನ್ನು ಎಲ್ಲಿಗೆ ಎತ್ತಿಕೊಂಡು ಹೋಗಲಿ, ಆ ಮೆಟ್ಟಿಲಿಗೇ?

ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಅದೂ ಪುರಸಭೆಯದೇ. ಒಡೆದು ಓದದೆ ಬಿಟ್ಟಾರೆಂದು ನಾನು ನಂಬುವುದಿಲ್ಲ. ಯಾವುದಾದರೂ ಸಾಲು ಅಳಿಸಿಹೋಗಿದ್ದರೆ ಅದು ನನ್ನ ಕೆಲಸವಲ್ಲ.

ನೀವು ಕೆಟ್ಟವರೋ, ಬರೀ ಅವಸರದವರೋ, ನನಗೆ ಗೊತ್ತಿಲ್ಲ. ನಾಳೆ ತಿಮ್ಮಾಜಮ್ಮ ಎಂಬ ಹೆಸರು ಬಂದು ಆ ಜಾಗ ಕೆಂಪಾದಾಗ ದಯವಿಟ್ಟು ಕುರ್ಚಿಯಿಂದ ಏಳಿ. ಅವರು ನನ್ನ ಮುತ್ತಜ್ಜಿಯ ತಾಯಿ. ಕಚೇರಿಯಿಂದ ಓಣಿಗೆ ಹತ್ತು ನಿಮಿಷದ ನಡಿಗೆ, ಅಷ್ಟೆ. ನಾನು ದಿನಾ ಕೊಡ ಹೊತ್ತು ನಡೆಯುವ ದಾರಿ ಅದು. ಮನೆ ಯಾವುದೆಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನೇ ಬರೆಯಿರಿ. ಯಂತ್ರ ಒಪ್ಪದಿದ್ದರೆ ಅಲ್ಲಿಗೇ ನಿಲ್ಲಿಸಿ, ಕೆಂಪಾಗಿಯೇ ಇರಲಿ. ಕೆಂಪಾಗಿದ್ದರೆ ಇಲ್ಲೇನೋ ಬಾಕಿಯಿದೆ ಎಂದು ಯಾರಾದರೂ ಬಂದು ನೋಡಿಯಾರು. ನೀವು ನಂಬರು ಹಾಕಿದ ಮೇಲೆ ಎಲ್ಲ ಸರಿಯಾಗಿ ಕಂಡಿತು. ನೂರೈವತ್ತು ವರ್ಷ ಯಾರೂ ಬರಲಿಲ್ಲ.

ಇಂತಿ,
ಹೊನ್ನಾಜಮ್ಮ
ಒಂದನೇ ನಂಬರು, ಪುರಸಭೆ ಕಟ್ಟಡ, ನಂದಿಕೋಡಿ

ವಿಳಾಸ ಹೀಗೆ ಬರೆಯದಿದ್ದರೆ ಕಾಗದ ಹೊರಡುವುದಿಲ್ಲ.