ಕಣ್ಣು ಹೊಡೆಯುವ ಬೊಟ್ಟು

ಫೆಬ್ರವರಿ ೩೦, ೨೪೧೭
ಕೋಲಾರದ ಹಳೆಯ ಚಿನ್ನದ ಗಣಿಯೊಳಗಿಂದ

ಹಿಂದಿನವರೇ,

ಇದನ್ನು ಓದಿದ ತಕ್ಷಣ ನಿಮ್ಮ ಮನೆಯ ಪುಟ್ಟ ಪರದೆಗಳನ್ನೆಲ್ಲ, ತಕ್ಕಡಿಯದು, ಮೀಟರಿನದು, ಒಂದನ್ನೂ ಬಿಡದೆ ಬಾವಿಗೆ ಎಸೆಯಿರಿ. ಸಂಜೆಯೊಳಗೆ ಸಿಡಿಯುತ್ತವೆ.

ಸುಳ್ಳು. ಎಸೆಯಬೇಡಿ. ಗಾಬರಿಯಾದರೆ ಪೂರ್ತಿ ಓದುತ್ತೀರಿ ಎಂದು ಹೆದರಿಸಿದೆ. ತಾರೀಖು ಮಾತ್ರ ನಿಜ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದೇವೆ, ಕೊಡಲು ನಮ್ಮಲ್ಲಿ ಬೇರೇನೂ ಇರಲಿಲ್ಲ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನೆಲದಡಿಯಲ್ಲಿ ಮಾತಿಗೂ ಬಿಸಿಲು ಬಿದ್ದಿಲ್ಲ.

ಮೇಲೆ ಬದುಕುವಷ್ಟು ತಂಪಿಲ್ಲ. ನಮ್ಮ ಊಟವೆಂದರೆ ಕೆಳಗಿನ ಸುರಂಗದಲ್ಲಿ ಬೆಳೆಯುವ ಅಣಬೆ. ಅಲ್ಲಿನ ಗಾಳಿ ವಾಸನೆಯನ್ನೂ ಕೊಡದೆ ಕೆಡುತ್ತದೆ. ಅದಕ್ಕೇ ಏಣಿಯ ಬಾಯಲ್ಲಿ ಉಸಿರುಗನ್ನಡಿ ತೂಗುಹಾಕಿದ್ದೇವೆ. ನೀವು ಗ್ರಾಫಿಕ್ಸ್ ಎಲ್‌ಸಿಡಿ ಎನ್ನುತ್ತಿದ್ದುದು ಅದೇ, ಅಂಗೈಯಗಲ. ಅದು ಮುಖ ತೋರಿಸುವುದಿಲ್ಲ, ಮುಖ ಉಳಿಯುತ್ತದೋ ಇಲ್ಲವೋ ತೋರಿಸುತ್ತದೆ.

ಮಾಪಕ ಗಾಳಿ ಅಳೆದು ಕೊಟ್ಟ ಅಂಕಿಯನ್ನು ಬರೆಯಲು ಕನ್ನಡಿಗೆ ಕಲಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಹಳೆಯದು ಅಳಿಸಿಹೋದಾಗ ಹೊಸದು ಬರೆಯಲು ನನ್ನನ್ನು ಕೂರಿಸಿದರು. ಹೋಗಲು ಊರಿಲ್ಲದ ಕಾಲದಲ್ಲಿ ನಾನು ಡ್ರೈವರ್ ಆದೆ. ಯಾವ ಆಜ್ಞೆಗೆ ಕನ್ನಡಿ ಏಳುತ್ತದೆಂದು ತಿಳಿಸುವ ಹಾಳೆಗಳನ್ನು ನೀವು ಉಳಿಸಿರಲಿಲ್ಲ. ಊಹಿಸಿ ಬರೆದೆ. ಅಂಕಿಗಳು ಮೊದಲು ಶೀರ್ಷಾಸನ ಹಾಕಿದವು, ಆಮೇಲೆ ಎಡದ್ದು ಬಲಕ್ಕೆ ಹೋಗಿ ಕೂತಿತು, ಕೊನೆಗೆ ನೆಟ್ಟಗೆ ನಿಂತವು.

ಈ ಕನ್ನಡಿಗೊಂದು ಕೆಟ್ಟ ಗುಣವಿದೆ. ಕೊನೆಗೆ ಬರೆದದ್ದನ್ನು ಬಿಡುವುದೇ ಇಲ್ಲ. ಡ್ರೈವರ್ ಕೆಲಸ ನಿಲ್ಲಿಸಿದರೂ ಹಳೆಯ ಅಂಕಿ ಹಾಗೇ ನಿಂತಿರುತ್ತದೆ. ಅಣಬೆ ಕೀಳುವ ಅಕ್ಕಯಮ್ಮನ ಗಂಡ ನಿನ್ನೆಯ ಅಂಕಿ ನೋಡಿ ಇವತ್ತಿನ ಗಾಳಿಗೆ ಇಳಿದ. ಹತ್ತಿ ಬರಲಿಲ್ಲ. ಆಮೇಲೆ ಪರದೆಯ ಮೂಲೆಗೆ ನಾನೊಂದು ಬೊಟ್ಟು ಇಟ್ಟೆ. ಹೊಸ ಅಳತೆ ಬಂದಾಗಲೆಲ್ಲ ಮಿಟುಕುತ್ತದೆ. ಅದು ಮಿಟುಕದೆ ಈಗ ಯಾರೂ ಏಣಿಗೆ ಕಾಲಿಡುವುದಿಲ್ಲ. ಹುಟ್ಟಿದ ಕೂಸನ್ನೂ ಮೊದಲು ಅದರ ಮುಂದೆ ಹಿಡಿಯುತ್ತಾರೆ.

ಅಕ್ಕಯಮ್ಮ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ದಿನಾ ಕೇಳುತ್ತಾಳೆ, "ಏನ್ ತಾತ, ಕಣ್ಣು ಹೊಡಿತೈತಾ ನಿನ್ ಬೊಟ್ಟು?"

"ನಿಂಗಲ್ಲ ಬಿಡಮ್ಮ, ನಂಗೆ."

"ಥೂ, ಮುದಿ ಕಪಿ," ಎಂದು ನಗುತ್ತ ಇಳಿಯುತ್ತಾಳೆ.

ನನ್ನ ಕೋರಿಕೆ ಇಷ್ಟೇ. ಪರದೆ ಮಾಡುವವರು ಆಜ್ಞೆಗಳ ಆ ಹಾಳೆಗಳನ್ನು ಅದರ ಬೆನ್ನಿಗೇ ಅಂಟಿಸಿಡಲಿ. ಅವು ಇದ್ದಿದ್ದರೆ ಕನ್ನಡಿಗೂ ಗಾಳಿ ಅಳೆಯುವ ಮಾಪಕಕ್ಕೂ ಒಂದೇ ತಂತಿಯೆಂದು ನನಗೆ ಗೊತ್ತಾಗುತ್ತಿತ್ತು. ಕಳೆದ ತಿಂಗಳು ಅಂಕಿಗಳು ಮಸುಕಾಗಿದ್ದವು. ಅವನ್ನು ಕಪ್ಪಾಗಿಸಲು ಕಳಿಸಿದ ಆಜ್ಞೆ ದಾರಿ ತಪ್ಪಿ ಮಾಪಕಕ್ಕೆ ಹೋಗಿ, ಅದರ ನೆನಪೆಲ್ಲ ಅಳಿಸಿತು, ಅದಕ್ಕೀಗ ಅಳೆಯಲು ಬಾರದು. ಬೇರೆ ಮಾಪಕವಿಲ್ಲ. ಬೊಟ್ಟು ನಿಂತರೆ ಯಾರೂ ಇಳಿಯುವುದಿಲ್ಲ. ಇಳಿಯದಿದ್ದರೆ ಅಣಬೆಯಿಲ್ಲ, ಅಣಬೆಯಿಲ್ಲದಿದ್ದರೆ ನಾವಿಲ್ಲ.

ಈ ಜನ್ಮದಲ್ಲಿ ಬಿಟ್ಟ ಬೊಗಳೆಗೆ ಲೆಕ್ಕವಿಲ್ಲ. ಇದೊಂದು ಬೊಗಳೆಯಲ್ಲ. ಕನ್ನಡಿಯಲ್ಲಿರುವುದು ಕಳೆದ ತಿಂಗಳ ಅಂಕಿ. ಬೊಟ್ಟು ಈಗ ಗಾಳಿಯನ್ನು ಕೇಳಿ ಮಿಟುಕುತ್ತಿಲ್ಲ. ಸುಮ್ಮನೆ ಮಿಟುಕುತ್ತಿರುವಂತೆ ನಾನೇ ಬರೆದೆ. ಅಕ್ಕಯಮ್ಮ ಈಗಷ್ಟೇ ಇಳಿದಳು.

ಗಂಗುಲಪ್ಪ