ಸಂಘಕ್ಕೆ ಹೋದ ಪ್ಲಾಸ್ಟಿಕ್ ಹಿಡಿ

ಬೀವರ್ ಹೊಳೆ, ಮಿಷಿಗನ್
ಶನಿವಾರ, ೧೨ ಮೇ ೨೦೧೮

ಆರ್ವಿಡ್,

ಮೊದಲು ನಿನ್ನ ಹೆಸರಿಗೆ ಮುಂಚೆ 'ಪ್ರಿಯ' ಎಂದು ಬರೆದೆ. ಆಮೇಲೆ ಬೇರೆ ಹಾಳೆ ತೆಗೆದುಕೊಂಡೆ. ಕೋಪದಿಂದಲ್ಲ. ಆ ಪದವಿದ್ದರೆ ಪತ್ರ ಬೇರೆ ಯಾವುದೋ ಉದ್ದೇಶಕ್ಕೆ ಹೊರಟಂತೆ ಕಾಣುತ್ತದೆ. ಇದು ಬರೀ ಸಂಘದ ವಿಷಯ. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನು ಮತ್ತು ನಾಯಿ. ಕೆರೆಯ ಮಂಜುಗಡ್ಡೆ ದಡ ಬಿಟ್ಟಿದೆ, ನಡುವೆ ಇನ್ನೂ ಕೂತಿದೆ, ಹೊರಡಲೋ ಬೇಡವೋ ಎಂಬಂತೆ.

ಗಾರ್ಡನ್ ಟ್ರೆಂಬ್ಲೆ ಈ ವರ್ಷವೂ ಬೇಟೆ ಸಂಘದ ಅಧ್ಯಕ್ಷ. ಶುಕ್ರವಾರದ ಸಂಘದ ಊಟಕ್ಕೆ ಮೀನು ಹುರಿಯಲು ಬೇರೆ ಯಾರೂ ಒಪ್ಪದಿರುವುದೇ ಕಾರಣ. ಹೋದ ವಾರ ಊಟ ಮುಗಿದ ಮೇಲೆ ಜಾಲರಿ ಸೌಟಿನಿಂದ ಮೇಜು ಕುಟ್ಟಿ ಒಂದು ಪ್ರಕಟಣೆ ಓದಿದ. ಬಂದೂಕಿನ ಹಿಂಬದಿಗೆ ಸಿಕ್ಕಿಸುವ ಒಂದು ಹಿಡಿ ಇದೆಯಂತೆ. ಗುಂಡಿನ ಒದೆತಕ್ಕೆ ಬಂದೂಕು ಅದರೊಳಗೆ ಹಿಂದೆ ಮುಂದೆ ಜಾರುತ್ತದಂತೆ, ಬೆರಳು ಸುಮ್ಮನಿದ್ದರೂ ಟ್ರಿಗರ್ ತಾನೇ ಬಂದು ಬೆರಳಿಗೆ ಬಡಿಯುತ್ತದಂತೆ. ಅದನ್ನು ಮಶಿನ್ ಗನ್ ಎಂದೇ ಪರಿಗಣಿಸಿ ಇಡೀ ದೇಶದಲ್ಲಿ ನಿಷೇಧಿಸಬೇಕೆಂದು ವಾಷಿಂಗ್ಟನ್ನಿನವರು ಯೋಚಿಸಿದ್ದಾರೆ. ಇಟ್ಟುಕೊಂಡವರು ಮುರಿದುಹಾಕಬೇಕು ಇಲ್ಲವೇ ಒಪ್ಪಿಸಬೇಕು. ಜನ ತಮ್ಮ ಅಭಿಪ್ರಾಯ ಬರೆದು ಕಳಿಸಬಹುದು. ಸಂಘ ಏನೆಂದು ಬರೆಯಬೇಕು?

ಅವನು ಅಂತೆ ಅಂತೆ ಎಂದು ಹೇಳುತ್ತಿದ್ದಷ್ಟು ಹೊತ್ತೂ ನಾನು ತಟ್ಟೆಯಲ್ಲಿ ಮೀನಿನ ಮುಳ್ಳುಗಳನ್ನು ಒಂದು ಕಡೆಗೆ ಸರಿಸುತ್ತಿದ್ದೆ. ಅಂಥದ್ದೊಂದು ನಮ್ಮ ನೆಲಮಾಳಿಗೆಯಲ್ಲಿ, ಬೀಟ್ರೂಟ್ ಉಪ್ಪಿನಕಾಯಿಯ ಜಾಡಿಗಳ ಹಿಂದೆ ಇದೆ ಎಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಟೊಯ್ವೊ ರಾಂತಾ ಎದ್ದ. ವೆಲ್ಡಿಂಗ್ ಅಂಗಡಿ ಮುಚ್ಚಿದ ಮೇಲೆ ಅವನ ಬೆಂಕಿಯೆಲ್ಲ ಬಾಯಿಗೆ ಬಂದಿದೆ. "ಇವತ್ತು ಪ್ಲಾಸ್ಟಿಕ್ ತುಂಡು, ನಾಳೆ ದುರ್ಬೀನು, ನಾಡಿದ್ದು ನನ್ನ ಹಕ್ಕಿ ಹೊಡೆಯೋ ಬಂದೂಕು. ಬೆರಳು ಕೊಟ್ರೆ ಹಸ್ತ ನುಂಗೋ ಜನ ಅವ್ರು!" ಎಂದ. ಡೋರೀನ್ ಮ್ಯಾಕಿ ಕೂತಲ್ಲಿಂದಲೇ, "ನಿನ್ನ ಬಂದೂಕು ಕಂಡ್ರೆ ಹಕ್ಕಿಗಳಿಗೇ ಭಯ ಇಲ್ಲ, ಸರ್ಕಾರಕ್ಕೆ ಯಾಕೋ ಇರುತ್ತೆ?" ಎಂದಳು. ಶಾಲೆಯ ಬಸ್ಸು ಓಡಿಸುತ್ತಿದ್ದ ಡೋರೀನ್‌ಗಿಂತ ಚೆನ್ನಾಗಿ ಗುರಿ ಹೊಡೆಯುವವರು ಸಂಘದಲ್ಲಿ ಇಲ್ಲದಿರುವುದರಿಂದ ಎಲ್ಲರೂ ಧಾರಾಳವಾಗಿ ನಕ್ಕರು. ಆಮೇಲೆ ಅವಳು ದನಿ ತಗ್ಗಿಸಿ ಕಳೆದ ಅಕ್ಟೋಬರಿನಲ್ಲಿ ಸಂಗೀತ ಕೇಳಲು ಸೇರಿದ್ದ ಜನರ ಮೇಲೆ ಒಬ್ಬ ಇಂಥದ್ದೇ ಹಿಡಿಯಿಂದ ಗುಂಡು ಸುರಿಸಿದ ಆ ರಾತ್ರಿಯ ಮಾತು ತೆಗೆದಳು. "ಟೀವೀಲಿ ಆ ಸದ್ದು ಕೇಳ್ದೆ ಟೊಯ್ವೊ. ಅದು ಬೇಟೆ ಸದ್ದಲ್ಲ ಕಣೋ."

"ನಂಗೇನು ಕಿವಿ ಇಲ್ವೇನೇ? ಒಬ್ಬ ಪಾಪಿ ಮಾಡಿದ್ದಕ್ಕೆ ನಾನ್ಯಾಕೆ ನನ್ನದನ್ನ ಮುರೀಬೇಕು ಅಂತ ಕೇಳ್ತಿದೀನಿ."

"ನಿನ್ನ ಹತ್ರ ಇದ್ರೆ ತಾನೆ ಮುರಿಯೋದು?"

"ಇಲ್ಲ. ಇದ್ರೆ ಅಂತ ಇಟ್ಕೋ."

ಗಾರ್ಡನ್ ಸೌಟು ಕುಟ್ಟಿ, ಇಷ್ಟೆಲ್ಲ ಕಿರುಚುತ್ತಿದ್ದೀರಲ್ಲ, ಆ ವಸ್ತುವನ್ನು ಯಾರಾದರೂ ಕಣ್ಣಿಂದ ನೋಡಿದ್ದೀರಾ ಎಂದ. ಯಾರೂ ನೋಡಿರಲಿಲ್ಲ. ಜಿಂಕೆಗೆ ಒಂದು ಗುಂಡು, ಹೆಚ್ಚೆಂದರೆ ಇನ್ನೊಂದು. ಅದರ ಮೇಲೆ ಹೊಡೆದರೆ ಊರೆಲ್ಲ ನಗುತ್ತದೆ. ಹಾಗೆ ಬದುಕಿದ ಜನ ತಾವು ಕಾಣದ ಒಂದು ವಸ್ತುವಿಗಾಗಿ ಜಗಳವಾಡುತ್ತಿದ್ದಾರಲ್ಲ ಎಂದುಕೊಳ್ಳುತ್ತಿದ್ದಾಗ ಒಂದು ಹೆಂಗಸಿನ ದನಿ, "ನನ್ನ ಹತ್ರ ಇದೆ," ಎಂದಿತು. ದನಿ ನನ್ನದೇ.

ಯಾಕೆ ಹೇಳಿದೆನೋ ಗೊತ್ತಿಲ್ಲ. 'ಆರ್ವಿಡನ ಹತ್ತಿರ' ಎನ್ನಬಹುದಿತ್ತು. ಊರಲ್ಲಿಲ್ಲದವನ ಹೆಸರನ್ನು ಅಷ್ಟು ಜನರ ನಗುವಿನ ನಡುವೆ ಇಡಲು ಮನಸ್ಸಾಗಲಿಲ್ಲ ಎಂದು ಕಾಣುತ್ತದೆ. ಡೋರೀನ್ ಬಾಯಿ ತೆರೆದವಳು ಮುಚ್ಚಲಿಲ್ಲ. "ನೀನಾ? ಗುಂಡನ್ನ ಒಣದ್ರಾಕ್ಷಿ ತರ ಎಣಿಸಿ ಇಡೋಳು ನೀನು!" ಮರುದಿನ ದಿನಸಿ ಅಂಗಡಿಯಲ್ಲಿ ಟೊಯ್ವೊ ಕಪಾಟುಗಳ ನಡುವೆ ನೆಟ್ಟಗೆ ನಿಂತು ನನಗೆ ಸಲಾಮು ಹೊಡೆದ. ಅಂಗಡಿಯವಳು ನನ್ನ ಮೊಟ್ಟೆಗಳನ್ನು ಹಿಂದೆಂದಿಗಿಂತ ಹುಷಾರಾಗಿ ಚೀಲಕ್ಕೆ ಹಾಕಿದಳು. ಈ ವಯಸ್ಸಿನಲ್ಲಿ ಹೊಸ ಖ್ಯಾತಿ ಅಷ್ಟೇನೂ ಕೆಟ್ಟದ್ದಲ್ಲ.

ಸಂಘದಲ್ಲಿ ಎಲ್ಲರೂ ನೀನೆಲ್ಲಿ ಎಂದು ಕೇಳುತ್ತಾರೆ. ಡುಲೂತ್‌ನಲ್ಲಿ ನಿನ್ನ ಅಕ್ಕ ಐಲಿಯ ಮನೆಯ ಚಾವಣಿ ರಿಪೇರಿ ನಡೆಯುತ್ತಿದೆ ಎನ್ನುತ್ತೇನೆ. ನೀನು ಹೊರಟದ್ದು ಫೆಬ್ರವರಿಯಲ್ಲಿ, ಆ ಹಿಮದಲ್ಲಿ ಚಾವಣಿ ಹತ್ತುವವರು ಯಾರೂ ಇಲ್ಲವೆಂದು ಅವರಿಗೂ ಗೊತ್ತು. ಆದರೂ, "ದೊಡ್ಡ ಚಾವಣಿ ಇರ್ಬೇಕು," ಎಂದು ತಲೆಯಾಡಿಸುತ್ತಾರೆ.

ಆ ಶುಕ್ರವಾರ ಸಂಘದಿಂದ ಮನೆಗೆ ಬಂದು ಜಾಡಿಗಳ ಹಿಂದೆ ಕೈ ಹಾಕಿದಾಗ ಚಳಿಗಾಲದ ನಮ್ಮ ಜಗಳದ ಮಾತುಗಳು ನೆನಪಾದವು. ಇದು ಈ ಮನೆಯಲ್ಲಿ ಇರಕೂಡದು ಎಂದು ನಾನು ಹೇಳಿದೆ. ಕಾನೂನು ಹೇಳಲಿ, ಆವತ್ತೇ ಕೊಡುತ್ತೇನೆ, ನೀನು ಹೇಳಿದ್ದಕ್ಕೆ ಕೊಡುವುದಿಲ್ಲ ಎಂದು ನೀನು ಹೇಳಿದೆ. ನನಗೆ ನೋವಾದದ್ದು ಆ ಪ್ಲಾಸ್ಟಿಕ್ಕಿಗಲ್ಲ. ಅದನ್ನು ನೀನು ಒಮ್ಮೆ ಹೊಡೆದು ನೋಡಿ, ಗುಂಡಿಗೆ ಸುರಿದ ದುಡ್ಡು ದಂಡವೆಂದು ಗೊಣಗಿ, ಮರೆತೇಬಿಟ್ಟಿದ್ದೆ. ಜೀವಮಾನವಿಡೀ ವಾಷಿಂಗ್ಟನ್ನನ್ನು ಬೈದವನು, ಹೆಂಡತಿಯ ಮಾತಿಗಿಂತ ವಾಷಿಂಗ್ಟನ್ನಿನ ಮಾತು ವಾಸಿ ಎಂದೆಯಲ್ಲ, ಅದಕ್ಕೆ. ಮರುವಾರ ನೀನು ಉಪಕರಣದ ಪೆಟ್ಟಿಗೆ ಹೊತ್ತು ಐಲಿಯ ಮನೆಗೆ ಹೊರಟೆ. ಬಾಗಿಲಲ್ಲಿ ನಿಂತು ನಾನು ನಾಯಿಯನ್ನು ಹಿಡಿದುಕೊಂಡಿದ್ದೆ. ಅದು ನಿನ್ನ ಹಿಂದೆ ಓಡುತ್ತದೆಂದು. ಅದೇನೂ ಎಳೆಯುತ್ತಿರಲಿಲ್ಲ.

ನಿನ್ನೆ ಅದನ್ನು ಏಲಕ್ಕಿ ರೊಟ್ಟಿಯ ಬುಟ್ಟಿಯಲ್ಲಿ ಸಂಘಕ್ಕೆ ಒಯ್ದೆ. ಬಟ್ಟೆಯಲ್ಲಿ ಸುತ್ತಿ ಎತ್ತಿದರೆ ಮುಟ್ಟಿದಂತಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮೇಜಿನ ಮೇಲೆ, ಕೋಸಿನ ಕೋಸಂಬರಿಯ ಪಕ್ಕ ಬಿಚ್ಚಿಟ್ಟಾಗ ಇಡೀ ಸಂಘ ಬಗ್ಗಿತು. ನಿರಾಸೆ ಅಂದರೆ ನಿರಾಸೆ. ಟೊಯ್ವೊ ಅದನ್ನು ಕೈಯಲ್ಲಿ ತೂಗಿ ನೋಡಿದ. "ಇದಾ? ಆಟದ ಸಾಮಾನು ಇದ್ದಂಗಿದೆ. ಇದಕ್ಕಾ ಇಷ್ಟು ಗಲಾಟೆ?" ಡೋರೀನ್, "ಇಷ್ಟು ಸಸಾರ ಆಗಿರೋದಕ್ಕೇ ಗಲಾಟೆ," ಎಂದಳು. ನೋಡಿದ ಮೇಲೆ ಒಬ್ಬರಾದರೂ ಅಭಿಪ್ರಾಯ ಬದಲಿಸುತ್ತಾರೆಂದು ನಾನು ಕಾದಿದ್ದೆ. ಇಬ್ಬರಿಗೂ ತಾವೇ ಸರಿ ಎಂಬುದಕ್ಕೆ ಈಗ ಸಾಕ್ಷಿ ಸಿಕ್ಕಿತ್ತು, ಅಷ್ಟೇ.

"ನಂಗೂ ಇಷ್ಟ ಆಗ್ಲಿಲ್ಲ, ಒಪ್ಕೊಂಡೆ," ಎಂದ ಟೊಯ್ವೊ. "ಮಾಂಸದ ಕಡುಬು, ಅದೇ ಪೇಸ್ಟಿ, ಅದ್ರೊಳಗೆ ಕ್ಯಾರೆಟ್ ತುಂಬೋದೂ ನಂಗಿಷ್ಟ ಇಲ್ಲ. ಹಂಗಂತ ವಾಷಿಂಗ್ಟನ್ನೋರು ಕ್ಯಾರೆಟ್ ಹಾಕಂಗಿಲ್ಲ ಅಂತ ಕಾನೂನು ಮಾಡಿದ್ರೆ, ನಾಳೆ ಬೆಳಿಗ್ಗೇನೇ ಹಾಕ್ಕೊಂಡು ತಿಂತೀನಿ."

"ಕ್ಯಾರೆಟ್ ತಿಂದು ಯಾರೂ ಸತ್ತಿಲ್ಲ."

"ನಿನ್ನ ಪೇಸ್ಟಿ ತಿಂದೋರನ್ನ ಕೇಳ್ಬೇಕು."

ಡೋರೀನ್ ಕೈಗೆ ಸಿಕ್ಕ ಬ್ರೆಡ್ಡಿನ ಚೂರನ್ನು ಎಸೆದಳು. ಗುರಿ ತಪ್ಪಲಿಲ್ಲ.

ವಾದ ನಿಲ್ಲುವಂತೆ ಕಾಣದಾಗ ಗಾರ್ಡನ್ ಒಂದು ಜಾಣತನ ಮಾಡಿದ. ಸರ್ಕಾರಕ್ಕೆ ಬರೆಯುವುದನ್ನು ಅವರವರ ಪಾಡಿಗೆ ಅವರವರು ಬರೆಯಲಿ, ಸಂಘದ ಹೆಸರು ಬೇಡ. ಆದರೆ ನಮ್ಮ ಗುರಿ ಮೈದಾನದಲ್ಲಿ ಇದು ಬೇಕೇ ಬೇಡವೇ, ಅಷ್ಟು ಹೇಳಿ ಎಂದ. ಬೇಡವೆಂದು ಮೊದಲು ಕೈ ಎತ್ತಿದವನು ಟೊಯ್ವೊ. ಡೋರೀನ್ ಅವನ ಕೈಯನ್ನೇ ನೋಡಿದಳು. "ಏನು ನೋಡ್ತೀಯ? ನಾವೇ ಬೇಡ ಅಂದ್ಕೊಳ್ಳೋದು ಬೇರೆ, ಅವ್ರು ಬಂದು ಬೇಡ ಅನ್ನೋದು ಬೇರೆ." ಎಲ್ಲ ಕೈಗಳೂ ಎದ್ದವು. ನಾನು ಎತ್ತಿದ ಕೈಯನ್ನು ಇಳಿಸುವುದು ಮರೆತು ಕೂತಿದ್ದೆ. ಟೊಯ್ವೊ ಹೇಳಿದ್ದು ನೀನು ಹೇಳಿದ್ದೇ, ತಲೆಕೆಳಗಾಗಿ. ಅಥವಾ ನೀನು ಅಂದದ್ದೇ ತಲೆಕೆಳಗಾಗಿತ್ತೇನೋ.

ಖುಷಿಯ ಭರದಲ್ಲಿ ಡೋರೀನ್, "ಲೆನೋರ್, ನಿಂದೇ ಅಲ್ವಾ, ಇಲ್ಲೇ ಶಾಸ್ತ್ರ ಮುಗಿಸಿಬಿಡು," ಎಂದಳು. ಟೊಯ್ವೊ ತನ್ನ ಟ್ರಕ್ಕಿನಿಂದ ಲೋಹ ಕೊಯ್ಯುವ ಗರಗಸ ತಂದ. ಬಂದೂಕು ಶುಚಿ ಮಾಡುವ ಬೆಂಚಿನ ಮೇಲೆ ಹಿಡಿಯನ್ನು ಬಿಗಿದರು. ಯಾರೋ ಮದುವೆಯ ಹಾಡು ಶುರುಮಾಡಿದರು. ನನಗೆ ಬೇಕಾದದ್ದು ಇದೇ ಅಲ್ಲವೇ? ಚಳಿಗಾಲವಿಡೀ ನಾನು ಬೇಡಿದ್ದು ಇದನ್ನೇ. ಗರಗಸ ಇಟ್ಟೆ. ಕೈ ಎಳೆಯಲಿಲ್ಲ.

ಗುಂಡು ತುಂಬುವುದನ್ನು ಕಲಿಸುವ ಮೊದಲೇ ಇಲ್ಲಿ ಎಲ್ಲರಿಗೂ ಕಲಿಸುವ ಮಾತೊಂದಿದೆಯಲ್ಲ: ಇನ್ನೊಬ್ಬರದ್ದನ್ನು ಕೇಳದೆ ಮುಟ್ಟಬಾರದು. ಕೆಸರಲ್ಲಿ ಬಿದ್ದಿದ್ದರೂ, ಗಂಡನದಾಗಿದ್ದರೂ ಅದರ ಒಡೆಯನನ್ನು ಕೇಳಬೇಕು. ಅದು ನನ್ನ ತಲೆಯಲ್ಲಿ ಇರಲಿಲ್ಲ, ಮೊಣಕೈಯಲ್ಲಿತ್ತು. ಮತ್ತೊಮ್ಮೆ ಪ್ರಯತ್ನಿಸಿದೆ. ಹಾಡು ನಿಂತಿತು. ಆ ಕೋಣೆಯಲ್ಲಿದ್ದವರೆಲ್ಲ ಅದೇ ಮಾತು ಕಲಿತು ಬೆಳೆದವರು, ನಿಂತ ಕೈಯ ಅರ್ಥ ಯಾರಿಗೂ ವಿವರಿಸಬೇಕಾಗಿರಲಿಲ್ಲ.

"ಓ," ಎಂದಳು ಡೋರೀನ್. "ಚಾವಣಿ ಅಂದ್ರೆ ಇದೇನಾ?"

ನಾನು ನಕ್ಕೆ. ಅಳಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಗಾರ್ಡನ್ ಏನೂ ಕೇಳಿಸದೆ, ಕೊಯ್ದಾಯಿತೇ, ಕಾಫಿ ಸುರಿಯಲೇ ಎಂದು ಒಳಗಿನಿಂದ ಕೂಗಿದ. ಟೊಯ್ವೊ ಗರಗಸವನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. "ಬಿಡು ಮಗಾ. ಅವನನ್ನ ಕೇಳಿದ್ಯಾ?" ಹೇಳಿದ್ದೆ ಎಂದೆ. "ಹೇಳೋದಲ್ಲ ಕಣೇ, ಕೇಳೋದು," ಎಂದಳು ಡೋರೀನ್. ಅವರಿಬ್ಬರೂ ಒಂದೇ ಪಕ್ಷದಲ್ಲಿ ನಿಂತದ್ದನ್ನು ಸಂಘ ಮೊದಲ ಸಲ ಕಂಡಿತು. ಬೇಗನೆ ಸರಿಹೋಯಿತು ಬಿಡು. ನೀನು ಬರಬೇಕೆಂದು ಅವಳು, ನಾನು ಹೋಗಬೇಕೆಂದು ಅವನು. ಬಾಗಿಲು ಮುಚ್ಚುವವರೆಗೂ ಅದೇ ಚರ್ಚೆ. ವಾಷಿಂಗ್ಟನ್ ಯಾರಿಗೂ ನೆನಪಿರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಆರ್ವಿಡ್. ಕೊಯ್ಯಲೇ? ಬೇಡವೆನ್ನುವ ಹಕ್ಕು ನಿನಗಿದೆ. ಅದು ಮನೆಯಲ್ಲಿರುವಷ್ಟು ದಿನ ಆ ಟೀವಿಯ ಸದ್ದು ನನಗೆ ನೆಲಮಾಳಿಗೆಯಿಂದ ಕೇಳಿಸುತ್ತದೆ ಎನ್ನುವುದೂ ನಿಜ. ನಾನು ಸರಿ ಎಂದು ಈಗಲೂ ನಂಬಿದ್ದೇನೆ. ಸರಿಯಾಗಿದ್ದವರು ಕೇಳಬಾರದೆಂದೇನೂ ಇಲ್ಲವಲ್ಲ. ಸರ್ಕಾರಕ್ಕೆ ನಾನು ಏನೆಂದು ಬರೆದೆ ಎಂದು ನೀನು ಕೇಳುತ್ತೀ. ಇನ್ನೂ ಬರೆದಿಲ್ಲ. ಮೊದಲು ನಿನಗೆ ಬರೆಯಬೇಕೆನಿಸಿತು.

ಮನೆಗೆ ಬಾ ಎಂದು ಕರೆಯಲು ಬರೆದದ್ದಲ್ಲ ಇದು. ಅವಸರವೇನೂ ಇಲ್ಲ. ಹೌದು ಅಥವಾ ಇಲ್ಲ ಎಂದು ಒಂದು ಸಾಲು ಅಂಚೆಗೆ ಹಾಕಿದರೆ ಸಾಕು.

ಇಂತಿ,
ಸದ್ಯಕ್ಕೆ ಸಂಘದಲ್ಲೆಲ್ಲ ಭಯಂಕರಳೆಂದು ಹೆಸರಾದ
ಲೆನೋರ್

ತಾ.ಕ.: ಅಂಚೆಯ ಮಾತು ಬಿಡು. ಲಕೋಟೆಯ ಮೇಲೆ ಅಂಚೆ ಚೀಟಿ ಇಲ್ಲದ್ದನ್ನೂ, ಐಲಿ ಇದನ್ನು ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿದ್ದನ್ನೂ ನೀನು ಗಮನಿಸಿರುತ್ತೀ. ನಾನು ಅವಳ ಅಡುಗೆಮನೆಯಲ್ಲಿ ಕೂತಿದ್ದೇನೆ. ಯಾವ ಪತ್ರವನ್ನಾದರೂ ಎರಡು ಸಲ ಓದುವ ಅಭ್ಯಾಸ ನಿನಗೆ. ಎರಡನೆಯ ಸಲ ಇಲ್ಲಿ ಬಂದು, ನನ್ನ ಎದುರಿಗೆ ಕೂತು ಓದು.